ಐದನೇ ಭಾಗದ ನರ್ಸಮ್ಮ

ಆಪರೇಟರ್ ಮನೆಯಲ್ಲಿ ಮೂವತ್ತೆರಡು ವರ್ಷದಿಂದ ಒಂದೇ ಜಗಳ. ಹಂಚಿಕೊಳ್ಳಲು ಆಸ್ತಿ ಇಲ್ಲ, ದೂರಲು ಅತ್ತೆ ಇಲ್ಲ. ಹಾಗಾಗಿ ಗಂಡ ಹೆಂಡಿರು ಜಗಳಕ್ಕೆಂದು ಆರಿಸಿಕೊಂಡದ್ದು ಒಬ್ಬ ಕೊಲೆಗಡುಕನ ಸಿನಿಮಾವನ್ನು. ಮುಖಕ್ಕೆ ಜೇನು ಕೀಳುವವರ ಬಲೆ, ಕೈಯಲ್ಲಿ ಬಡಗಿಯ ಬಾಚಿ. ಈ ವೇಷದ ಮುಸುಕಿನವನು ಒಂದಾದ ಮೇಲೊಂದರಂತೆ ಒಂಬತ್ತು ಭಾಗಗಳಲ್ಲಿ ಸಿಕ್ಕಸಿಕ್ಕವರನ್ನು ಕೊಚ್ಚುತ್ತಾ ಬಂದ. ಪ್ರತಿ ಭಾಗದ ಕೊನೆಗೂ ಸಾಯುತ್ತಿದ್ದ, ಮುಂದಿನ ಭಾಗದ ಹೊತ್ತಿಗೆ ಎದ್ದು ಕೂರುತ್ತಿದ್ದ. ಇವುಗಳಲ್ಲಿ ನಾಲ್ಕನೆಯದೇ ಶ್ರೇಷ್ಠ ಎಂದು ಗಂಡ, ಐದನೆಯದರ ಮುಂದೆ ಅದು ಯಾವ ಲೆಕ್ಕ ಎಂದು ಹೆಂಡತಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದರಲ್ಲಿ ಇಬ್ಬರೂ ಒಂದೇ ಜಾತಿ.

ಆಪರೇಟರ್ ಎಂದರೆ ಟಾಕೀಸಿನಲ್ಲಿ ಮೆಷಿನ್ ಓಡಿಸುತ್ತಿದ್ದವರು. ಟಾಕೀಸು ಹೋಗಿ ಅಲ್ಲಿ ಟೈಲ್ಸ್ ಅಂಗಡಿ ಬಂದು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಇಪ್ಪತ್ತಾರು ವರ್ಷ ಸಣ್ಣ ಕಿಂಡಿಯ ಹಿಂದೆ ನಿಂತೇ ಸಿನಿಮಾ ನೋಡಿದ ಮನುಷ್ಯ, ಇಂದಿಗೂ ಮನೆಯ ಟೀವಿಯನ್ನು ನಿಂತೇ ನೋಡುತ್ತಾರೆ. ಕೂತರೆ ಕೆಲಸಗಳ್ಳನಾದೆನೇನೋ ಎನಿಸುತ್ತದಂತೆ. ಫ್ಯಾನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲರು. ಹೆಂಡತಿ ಯಾಕೆ ಸುಮ್ಮನಾದಳು ಎಂದು ತಿಳಿಯಲು ಮಾತ್ರ ಅವರಿಗೆ ಈಗಲೂ ಅರ್ಧ ದಿನ ಬೇಕು.

“ನಾಲ್ಕನೇದ್ರಲ್ಲಿ ಒಂದು ಲೆಕ್ಕಾಚಾರ ಇದೆ ಕಣೆ,” ಎನ್ನುವರು ತರಕಾರಿ ಹೆಚ್ಚುತ್ತಾ. “ದೋಣಿ ಕಟ್ಟೋ ಶೆಡ್ಡು, ಏಳು ಜನ, ಒಂದೇ ಬಾಗಿಲು. ಅವನ ಮುಖವನ್ನೇ ಮುಕ್ಕಾಲು ಸಿನಿಮಾ ತೋರ್ಸಲ್ಲ. ಐದನೇದ್ರಲ್ಲಿ ಏನಿದೆ? ಸತ್ತ ನರ್ಸು ಎದ್ದು ಬರ್ತಾಳೆ. ತಲೆ ಬುಡ ಬೇಡ್ವಾ?”

“ಅವನು ಒಂಬತ್ತು ಸಲ ಎದ್ದು ಬಂದ್ರೆ ನಿಮಗೆ ತೊಂದರೆ ಇಲ್ಲ. ಪಾಪ, ಅವಳು ಒಂದ್ಸಲ ಬಂದಿದ್ದಕ್ಕೆ ತಲೆ ಬುಡ ಕೇಳ್ತೀರಿ,” ಎನ್ನುವಳು ಹೆಂಡತಿ. ಈ ಮಾತಿಗೆ ಆಪರೇಟರ್ ಬಳಿ ಇದ್ದ ಒಂದೇ ಉತ್ತರವನ್ನು ಹೇಳುವ ಹಾಗಿರಲಿಲ್ಲ.

ಅಂಥದ್ದರಲ್ಲಿ ಒಂದು ದಿನ, ಗ್ರಂಥಾಲಯದಲ್ಲಿ ಕೆಲಸ ಮಾಡುವ ಮಗಳು ಫೋನು ಮಾಡಿದಳು. “ಅಪ್ಪಾ, ನಮ್ಮ ಹಳೇ ಡಿಸ್ಕುಗಳ ರಾಶೀಲಿ ನಿಮ್ಮ ಐದನೇ ಭಾಗ ಸಿಕ್ತು. ಭಾನುವಾರ ಮಧ್ಯಾಹ್ನ ತರ್ತೀನಿ. ನಿಮ್ಮ ಜಗಳ ಅವತ್ತೇ ಮುಗೀಲಿ.”

ಡಿಸ್ಕು ತರುವುದೇ ಬೇಡವೆನ್ನಲು ಆಪರೇಟರ್ ನೆಪ ಹುಡುಕಿದರು. ಯಾಕೆಂದರೆ ಹೆಂಡತಿ ಅಷ್ಟು ಪ್ರೀತಿಸುವ ಆ ಐದನೇ ಭಾಗ ಲೋಕದಲ್ಲಿ ಎಲ್ಲೂ ಇರಲಿಲ್ಲ.

ಆ ಸಿನಿಮಾ ಊರಿಗೆ ಬಂದ ಕಾಲಕ್ಕೆ ಹೆಂಡತಿ ಇನ್ನೂ ಹೆಂಡತಿಯಾಗಿರಲಿಲ್ಲ, ಅದೇ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿ. ಅವಳ ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಇಡೀ ವಾರ್ಡಿಗೆ ಕೇಳುವಂತೆ ನಗುತ್ತಿದ್ದವಳು ಹತ್ತೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ತಂಗಿ ಒಂದು ತಿಂಗಳು ಕೆಲಸಕ್ಕೆ ಬರಲಿಲ್ಲ. ಬಂದ ಮೇಲೂ ಕಿಂಡಿಯಿಂದ ಟಿಕೆಟ್ ಹರಿದುಕೊಡುವ ಕೈ ಮಾತ್ರ ಕಾಣುತ್ತಿತ್ತು, ಮಾತಿಲ್ಲ ಕತೆಯಿಲ್ಲ. ಆ ವಾರವೇ ಐದನೇ ಭಾಗ ಬಂತು. ರೀಲಿನ ಡಬ್ಬಿಗಳು ದಾರಿಯಲ್ಲಿ ನೆನೆದು, ಅಂಟಿಸಿದ್ದ ನಂಬರುಗಳು ಕಿತ್ತುಬಂದಿದ್ದವು. ಆಪರೇಟರ್ ಅಂದಾಜಿನ ಮೇಲೆ ಹೊಸ ಚೀಟಿ ಅಂಟಿಸಿದರು. ಅಂದಾಜು ತಪ್ಪಿತು. ಮೂರನೇ ರೀಲಿಗೆ ನಾಲ್ಕು ಎಂದೂ, ನಾಲ್ಕನೆಯದಕ್ಕೆ ಮೂರು ಎಂದೂ ಬಿತ್ತು.

ನಿಜವಾದ ಕತೆಯಲ್ಲಿ ನರ್ಸಮ್ಮ ಮೂರನೇ ರೀಲಿನಲ್ಲಿ ಮುಸುಕಿನವನ ಮೇಲೆ ಕುದಿಯುವ ನೀರು ಎರಚಿ, ಗಹಗಹಿಸಿ ನಗುತ್ತಾ ಬಾಗಿಲು ಜಡಿಯುತ್ತಾಳೆ; ನಾಲ್ಕನೆಯದರಲ್ಲಿ ಅವನ ಬಾಚಿಗೆ ಸಿಕ್ಕಿ ಸಾಯುತ್ತಾಳೆ. ಈ ಟಾಕೀಸಿನಲ್ಲಿ ಅವಳು ಮೊದಲು ಸತ್ತಳು. ಎಲ್ಲರೂ ಅತ್ತಾದ ಮೇಲೆ ನಗುನಗುತ್ತಾ ಬಂದು ಕುದಿಯುವ ನೀರು ಎರಚಿದಳು. ಆಮೇಲೆ ಸಾಯಲೇ ಇಲ್ಲ. ಜನ ಶಿಳ್ಳೆ ಹೊಡೆದರು, ಒಬ್ಬರೂ ತಕರಾರು ಎತ್ತಲಿಲ್ಲ.

ಆಪರೇಟರಿಗೆ ತಪ್ಪು ತಿಳಿದದ್ದು ಎರಡನೇ ದಿನ. ಚೀಟಿ ಕಿತ್ತು ಸರಿಯಾಗಿ ಅಂಟಿಸಬೇಕೆಂದು ಕೂತಿದ್ದಾಗ ಮೆಷಿನ್ ರೂಮಿನ ಬಾಗಿಲಲ್ಲಿ ಕೌಂಟರಿನ ಹುಡುಗಿ ನಿಂತಿದ್ದಳು. ಅತ್ತ ಕಣ್ಣು, ಆದರೆ ಮುಖದಲ್ಲಿ ಏನೋ ಬೆಳಕು. “ನಾಳೇನೂ ಅವಳು ವಾಪಸ್ ಬರ್ತಾಳಲ್ವಾ?” ಎಂದು ಕೇಳಿದಳು. ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವರು “ಬರ್ತಾಳೆ” ಎಂದರು. ಸಿನಿಮಾ ಹದಿನೇಳು ದಿನ ಓಡಿತು. ಉಳಿದ ಅಷ್ಟೂ ದಿನ ಅವರು ಬೇಕೆಂದೇ ರೀಲು ತಿರುಗಾಮುರುಗಾ ಹಾಕಿದರು, ಅವಳು ಹದಿನೇಳು ದಿನವೂ ಮ್ಯಾಟಿನಿಗೆ ಕೂತಳು. ಮರುವರ್ಷ ಮದುವೆಯಾಯಿತು. ಹೇಳಬೇಕು ಹೇಳಬೇಕು ಎನ್ನುವುದರಲ್ಲೇ ಮೂವತ್ತೆರಡು ವರ್ಷ ಹೋಯಿತು. ಅಷ್ಟೂ ವರ್ಷ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಾ, ಐದನೇ ಭಾಗವನ್ನು ಬೈಯುತ್ತಾ, ನಾಲ್ಕನೆಯದನ್ನು ಹೊಗಳುತ್ತಾ ಬಂದರು.

ಶನಿವಾರ ಅವರು ರಿಮೋಟಿನ ಸೆಲ್ಲು ತೆಗೆದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಭಾನುವಾರ ಮಗಳು ತನ್ನ ಚೀಲದಿಂದ ಹೊಸ ಸೆಲ್ಲು ತೆಗೆದಳು. ಹೆಂಡತಿ ಇಸ್ತ್ರಿ ಸೀರೆ ಉಟ್ಟು, ಕನ್ನಡಕ ಒರೆಸಿ, ಯಾರನ್ನೋ ನೋಡಲು ಹೊರಟವಳಂತೆ ಸೋಫಾದ ತುದಿಯಲ್ಲಿ ಕೂತಿದ್ದಳು. ಆಪರೇಟರ್ ಎಂದಿನಂತೆ ನಿಂತೇ ಇದ್ದರು.

ಎರಡನೇ ರೀಲು ಮುಗಿಯುವ ಜಾಗ ಅವರಿಗೆ ನಿದ್ದೆಯಲ್ಲೂ ಗೊತ್ತು. ಒಲೆಯ ಮೇಲೆ ನೀರಿನ ಕೆಟಲು ಕಾಣಿಸಿದ್ದೇ ಮಗಳ ಕೈಯಿಂದ ರಿಮೋಟು ಕಿತ್ತುಕೊಂಡು ನಿಲ್ಲಿಸಿದರು. ಡಬ್ಬಿ ನೆನೆದದ್ದು, ಚೀಟಿ ತಪ್ಪಿದ್ದು, ಆಮೇಲೆ ಬೇಕೆಂದೇ ತಪ್ಪಿಸಿದ್ದು, ಎಲ್ಲವನ್ನೂ ಗೋಡೆ ನೋಡುತ್ತಾ ಹೇಳಿದರು.

ಮಗಳು ಅಪ್ಪನನ್ನೂ ಅಮ್ಮನನ್ನೂ ನೋಡುತ್ತಾ ಕೂತಳು.

“ಹಾಗಾದ್ರೆ ಬೇರೆ ಎಲ್ಲಾ ಕಡೆ ಅವಳು ಸತ್ತೇ ಹೋದ್ಲಾ?” ಎಂದು ಹೆಂಡತಿ ಕೇಳಿದಳು.

“ಹೂಂ.”

“ನಮ್ಮ ಟಾಕೀಸಲ್ಲಿ ಮಾತ್ರ ಬಂದ್ಲು.”

“ನಿನಗೆ ಸುಳ್ಳು ಹೇಳ್ದೆ ಕಣೆ. ಸರಿ ಮಾಡ್ಬೇಕು ಅಂತಿದ್ದೆ. ನೀನು ಬಂದು ಹಾಗೆ ಕೇಳಿದ್ಮೇಲೆ ಕೈ ಬರ್ಲಿಲ್ಲ.”

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಇನ್ನೊಮ್ಮೆ ಒರೆಸಿದಳು. ಒರೆಸಿ ಮುಗಿಯಲು ಹೊತ್ತು ಹಿಡಿಯಿತು. ಆಮೇಲೆ, “ಹದಿನೇಳು ದಿನ ನಮ್ಮಕ್ಕನ್ನ ವಾಪಸ್ ಕರ್ಕೊಂಡು ಬಂದಿದ್ದು ನೀವಾ,” ಎಂದಳು. “ಈ ರಿಮೋಟಲ್ಲಿ ಹಾಗೆ ಹಾಕೋಕೆ ಬರುತ್ತಾ?”

ಬರುತ್ತಿತ್ತು. ಆಪರೇಟರ್ ಟೀವಿಯ ಪಕ್ಕ ಹೋಗಿ ನಿಂತರು. ಇಪ್ಪತ್ತು ನಿಮಿಷ ಮುಂದಕ್ಕೆ ಓಡಿಸಿದರು, ನರ್ಸಮ್ಮ ಸತ್ತಳು. ಮತ್ತೆ ಕೆಟಲಿನ ತನಕ ಹಿಂದಕ್ಕೆ ತಂದರು. ನರ್ಸಮ್ಮ ನಗುತ್ತಾ ಬಂದಳು. ಅವಳು ಬಾಗಿಲು ಜಡಿದದ್ದೇ ತಡ, ಒಂದು ಕ್ಷಣವೂ ತಡವರಿಸದೆ ಕೊನೆಯ ರೀಲಿಗೆ ಹಾರಿಸಿದರು. ಬಹಳ ವರ್ಷಗಳ ಮೇಲೆ ಅವರ ಕೈಗೆ ಅದರದೇ ಕೆಲಸ ಸಿಕ್ಕಿತ್ತು. ಸೋಫಾದ ತುದಿಯಲ್ಲಿ ಹೆಂಡತಿ ಅಳುತ್ತಾ ನಗುತ್ತಿದ್ದಳು.

ಪರದೆ ಕಪ್ಪಾದ ಮೇಲೆ ಅವಳು ಕೇಳಿದಳು: “ಈಗಲಾದ್ರೂ ಒಪ್ಕೋತೀರಾ, ಯಾವುದು ಚೆನ್ನಾಗಿದೆ ಅಂತ?”

“ನಾಲ್ಕನೇದೇ,” ಎಂದರು ಆಪರೇಟರ್. “ಐದನೇದು ನಾನು ಮಾಡಿದ್ದು. ನನ್ನ ಬಾಯಲ್ಲೇ ಹೇಗೆ ಹೊಗಳ್ಕೊಳ್ಲಿ?”

ಹೆಂಡತಿ ಸೋಫಾದಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು. ಆಪರೇಟರ್ ಕೂತರು.