ನನಗಿಂತ ಒಂದು ದಿನ ಮೊದಲೇ ಹೋದ ಗಂಟು

ಬಳ್ಳಾರಿಯಿಂದ ಸಂಜೆ ಬರುವ ರೈಲಿನ ಸಿಳ್ಳು ಕೇಳಿಸಿದ ಮೇಲೆಯೇ ನಮ್ಮವ್ವ ರೊಟ್ಟಿಗೆ ಹಿಟ್ಟು ನಾದಲು ಕೂಡುತ್ತಿದ್ದಳು. ರೈಲಿಳಿದ ಜನ ಬಜಾರು ಹಾದು ಮನೆ ಸೇರುವವರೆಗೂ ರಾಯದುರ್ಗದ ಅಂಗಡಿಕಾರರು ಬಾಗಿಲು ಹಾಕುತ್ತಿರಲಿಲ್ಲವಾದ್ದರಿಂದ, ನಮ್ಮಪ್ಪ ಬಟ್ಟೆ ಅಂಗಡಿಯಿಂದ ಊಟಕ್ಕೆ ಬರುವ ಹೊತ್ತನ್ನು ಎಂಜಿನ್ನೇ ನಿಶ್ಚಯಿಸುತ್ತಿತ್ತು. ರೈಲು ತಡವಾದ ದಿನ ಇಡೀ ಓಣಿಯ ಒಲೆಗಳು ತಡವಾಗುತ್ತಿದ್ದವು. ಆಮೇಲೆ ಎಲ್ಲ ಮನೆಗಳಿಂದಲೂ ಒಟ್ಟಿಗೇ ರೊಟ್ಟಿ ಬಡಿಯುವ ಸಪ್ಪಳ ಏಳುತ್ತಿತ್ತೆಂದರೆ ನೀವು ಉತ್ಪ್ರೇಕ್ಷೆ ಎನ್ನಬಹುದು, ಅರ್ಧದಷ್ಟಾದರೂ ನಂಬಿ.

ಒಂದು ಊರಿನ ಬದುಕು ಎಷ್ಟು ಬಿರುಸಿನದು ಎಂದು ತಿಳಿಯಲು ಅಲ್ಲಿಯ ಜನ ಬಂಡಿ ಹತ್ತುವ ಜಾಗವನ್ನು ನೋಡಿದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅವ್ವನ ತವರು ಮಡಕಶಿರಾ. ಅಲ್ಲಿಗೆ ರೈಲಿಲ್ಲ, ಯುದ್ಧದ ಕಾಲದಲ್ಲಿ ಪೆಟ್ರೋಲೂ ಇಲ್ಲದೆ, ಹಿಂದೂಪುರಕ್ಕೆ ಹೋಗುವ ಬಸ್ಸು ಬೆನ್ನಿಗೆ ಒಂದು ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿತ್ತು. ಆ ಒಲೆ ಹೊತ್ತಿ, ಅನಿಲ ಹುಟ್ಟಿ, ಬಸ್ಸು ಕೆಮ್ಮುವಷ್ಟರಲ್ಲಿ ಒಂದು ಮದುವೆಯ ಮಾತುಕತೆ ಮುಗಿಸಬಹುದಿತ್ತು. ಅವಸರಪಟ್ಟು ಹೋಗಿ ನಿಂತರೆ ಕಂಡಕ್ಟರೇ ಬೈಯುತ್ತಿದ್ದ: "ಇನ್ನೂ ಹೊಗೆನೇ ಬಂದಿಲ್ಲ ಕಣವ್ವ, ಮನೆಗೋಗಿ ಮುದ್ದೆ ಉಂಡ್ಕಂಡು ಬಾ." ಆ ಬಸ್ಸಿಗೆ ನಿಲ್ದಾಣವೆಂಬ ಕಟ್ಟಡವೇ ಇರಲಿಲ್ಲ, ಒಂದು ಹುಣಸೆಮರ ಇತ್ತು. ಮಡಕಶಿರದವರ ಬದುಕೂ ಹಾಗೆಯೇ, ನೆರಳಿದ್ದ ಕಡೆ ನಿಲ್ಲುತ್ತಿತ್ತು, ಕಾವು ಬಂದಾಗ ಹೊರಡುತ್ತಿತ್ತು.

ನಮ್ಮ ರಾಯದುರ್ಗ ಅದಕ್ಕಿಂತ ಒಂದು ಮೆಟ್ಟಿಲು ಮೇಲೆಂದು ನಮಗೆ ಜಂಬ. ನಮ್ಮಲ್ಲಿ ಗಡಿಯಾರವಿತ್ತು, ಸಿಗ್ನಲ್ಲಿತ್ತು, ಟಿಕೆಟ್ಟಿಗೆ ಒಂದು ಕಿಂಡಿಯಿತ್ತು. ಆದರೆ ಹಳಿ ನಮ್ಮೂರಿನ ಬೆಟ್ಟದ ಬುಡಕ್ಕೆ ಬಂದು ಮುಗಿದುಹೋಗುತ್ತಿತ್ತು. ರಾತ್ರಿಯೆಲ್ಲ ನಮ್ಮಲ್ಲೇ ತಂಗುವ ರೈಲನ್ನು ಊರು ನೆಂಟನೆಂದೇ ತಿಳಿದಿತ್ತು, ಹೊರಡುವ ನೆಂಟನನ್ನು ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಲ್ಲಿಸಿಕೊಳ್ಳುವುದು ನಮ್ಮವರ ರೂಢಿ. ಬೋರ್ಡಿನ ಮೇಲೆ ಏಳೂಕಾಲು ಎಂದಿದ್ದರೂ, ಬಜಾರಿನ ತಿರುವಿನಲ್ಲಿ ಯಾರಾದರೂ ಕೈ ಬೀಸುತ್ತ ಬರುವುದು ಕಂಡರೆ ಗಾರ್ಡು ಹಸಿರು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು, "ಬರ್ರಿ, ನಿಧಾನಕ್ಕ ಬರ್ರಿ" ಎನ್ನುತ್ತಿದ್ದರು. ಬಳ್ಳಾರಿಯ ನೆಂಟರಿಗೆ ಕಳಿಸಬೇಕಾದ ಉಪ್ಪಿನಕಾಯಿ, ಮದ್ದು, ಮಗುವಿನ ಅಂಗಿ ಎಲ್ಲವನ್ನೂ ಊರವರು ಗಾರ್ಡಿನ ಕೈಗೇ ಕೊಡುತ್ತಿದ್ದರು. ಚೀಟಿ ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ.

ನನಗೆ ಹದಿನೇಳು ತುಂಬಿದ ವರ್ಷ, ಬಳ್ಳಾರಿಯ ಹೆಣ್ಣುಮಕ್ಕಳ ಟ್ರೇನಿಂಗ್ ಶಾಲೆಯಿಂದ ಒಂದು ಕಾರ್ಡು ಬಂತು. ಸೋಮವಾರ ಹತ್ತೂವರೆಗೆ ಸರ್ಟಿಫಿಕೇಟಿನೊಂದಿಗೆ ಖುದ್ದಾಗಿ ಹಾಜರಾದರೆ ಟೀಚರ್ ಟ್ರೇನಿಂಗಿಗೆ ಸೀಟಿನ ವಿಚಾರ ತೀರ್ಮಾನ. ಅದೇ ಹೊತ್ತಿಗೆ ಬೊಮ್ಮನಹಾಳಿನ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಅಪ್ಪ ನ್ಯಾಯವಂತರು; ಸೀಟು ಸಿಕ್ಕರೆ ಓದು, ಸಿಗದಿದ್ದರೆ ಮುಂದಿನ ತಿಂಗಳು ನಿಶ್ಚಿತಾರ್ಥ ಎಂದುಬಿಟ್ಟರು. ಆ ಹುಡುಗನ ಮೇಲೆ ನನಗೆ ಕೋಪವೇನೂ ಇರಲಿಲ್ಲ. ಆದರೆ ನನಗೆ ಪಾಠ ಹೇಳಬೇಕಿತ್ತು, ಅಷ್ಟೇ. ಆ ಆಸೆಯಿಂದ ನನಗೆ ಊಟ ಸೇರುತ್ತಿರಲಿಲ್ಲ.

ಅಡ್ಡ ಬಂದದ್ದು ರಾಹುಕಾಲ. ಸೋಮವಾರ ಅದು ಏಳೂವರೆಗೆ ಶುರು. ಏಳೂಕಾಲಿನ ರೈಲು ಎಂದೂ ಏಳೂಕಾಲಿಗೆ ಹೊರಟದ್ದಿಲ್ಲವೆಂಬುದು ನಮ್ಮಜ್ಜಿಗೆ ಚೆನ್ನಾಗಿ ಗೊತ್ತು. ಇಂಥ ಇಕ್ಕಟ್ಟಿಗೆಂದೇ ನಮ್ಮ ಹಿರಿಯರು ಪರಸ್ಥಾನ ಇಡುವ ಪದ್ಧತಿ ಮಾಡಿದ್ದಾರೆ: ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಮೊದಲೇ ಒಂದು ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕರ ಗಂಟೊಂದನ್ನು ಮನೆಯಿಂದ ಹೊರಡಿಸಿ, ದಾರಿಯಲ್ಲಿನ ಯಾರದಾದರೂ ಮನೆಯಲ್ಲಿ ಇಡಬೇಕು. ಗಂಟು ಹೊರಟರೆ ಮನುಷ್ಯ ಹೊರಟಂತೆಯೇ ಲೆಕ್ಕ. ಅಂದು ಅಜ್ಜಿ ಅರಿಸಿನದ ಕೊಂಬು, ಅಡಿಕೆ, ಒಂದು ಹಿಡಿ ಅಕ್ಕಿ, ಹಸಿರು ಕುಪ್ಪಸದ ಖಣ ಎಲ್ಲ ಇಟ್ಟು, "ನೀ ಯಾತಕ್ಕ ಹೊಂಟೀಯೋ ಅದೇ ಮೊದ್ಲು ಹೊಸ್ತಿಲು ದಾಟಬೇಕು" ಎಂದು ನನ್ನ ಸರ್ಟಿಫಿಕೇಟನ್ನೂ ಗಂಟಿನೊಳಗೆ ಸೇರಿಸಿದಳು. ಭಾನುವಾರ ಬೆಳಕು ಹರಿಯುವ ಮುನ್ನ ಅಪ್ಪ ಅದನ್ನು ಸ್ಟೇಷನ್ನಿನ ಎದುರಿಗಿದ್ದ ಬಸಣ್ಣನ ಹೋಟೆಲಿನಲ್ಲಿ ಇಟ್ಟುಬಂದರು.

ಸೋಮವಾರ ಅಪ್ಪ, ಅಜ್ಜಿ, ನಾನು ಮೂವರೂ ಹೋಟೆಲಿಗೆ ಹೋದರೆ ಗಂಟಿಲ್ಲ. ಬಸಣ್ಣ ನೆಂಟರ ಊರಿಗೆ ಹೋಗಿದ್ದ. ಅವನ ಹೆಂಡತಿ ಶರಣವ್ವ ತುಂಬ ಸಂತೋಷದಿಂದ, "ನಿನ್ನೇನೇ ಗಾರ್ಡಿನ ಕೈಯಾಗ ಕೊಟ್ಟು ಕಳಿಸೀನ್ರಿ, ಬಳ್ಳಾರಿಗಲ್ಲೇನು?" ಎಂದಳು. ಅವಳ ತಪ್ಪೇನು? ಅವಳ ಹಲಗೆಯ ಮೇಲೆ ಜನ ಇಟ್ಟುಹೋಗುತ್ತಿದ್ದ ಗಂಟುಗಳೆಲ್ಲ ಬಳ್ಳಾರಿಯವೇ. ಪ್ಲಾಟ್‌ಫಾರಮ್ಮಿನ ಮೇಲಿದ್ದ ಗಾರ್ಡನ್ನು ಕೇಳಿದರೆ, "ಇಳಿಸ್ಕೊಳ್ಳೋಕ ಯಾರೂ ಬರಲಿಲ್ರಿ, ಪಾರ್ಸಲ್ ಆಫೀಸಿಗೆ ಒಪ್ಸೀನಿ" ಎಂದರು. ಅಪ್ಪನ ಮುಖ ಇಳಿದುಹೋಯಿತು. ಚೀಟಿಯಿಲ್ಲದ ಗಂಟು ಅಷ್ಟು ದೊಡ್ಡ ಊರಿನಲ್ಲಿ ಸಿಕ್ಕೀತೇ, ಸರ್ಟಿಫಿಕೇಟಿಲ್ಲದೆ ಹೋಗಿ ಅವಮಾನ ಪಡುವುದೇಕೆ, ಬಾ ಮನೆಗೆ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ನಾನು ಅಲ್ಲೇ ನಿಂತೆ.

ಆಗ ಅಜ್ಜಿ ಕೈಯಲ್ಲಿದ್ದ ಕೋಲನ್ನು ಅಪ್ಪನಿಗೆ ಅಡ್ಡ ಹಿಡಿದಳು. "ಪರಸ್ಥಾನ ಬಳ್ಳಾರಿ ಮುಟ್ಟೇತಿ. ಇನ್ನ ಆಕಿ ಮನಿಗೆ ಹೆಂಗ ಬರ್ತಾಳ? ಗಂಟು ಹೋದ ಮ್ಯಾಗ ಮನುಷ್ಯಾ ತಿರುಗಬಾರ್ದು. ಹತ್ರಿ."

ನನ್ನ ಓದಿಗೆ ಆವರೆಗೆ ಒಂದೇ ಒಂದು ಒಳ್ಳೆಯ ಮಾತನ್ನೂ ಆಡದಿದ್ದ ಮುದುಕಿ ಅವಳು. ಆ ಹೊತ್ತಿಗೆ ರಾಹುಕಾಲ ಶುರುವಾಗಿಯೂ ಆಗಿತ್ತು. ಅಜ್ಜಿಯನ್ನು ಪ್ಲಾಟ್‌ಫಾರಮ್ಮಿನ ಮೇಲೆಯೇ ಬಿಟ್ಟು ಅಪ್ಪ, ನಾನು ಹತ್ತಿದೆವು. ಅಂದಿನಿಂದ ಶಾಸ್ತ್ರವನ್ನು ನಾನು ಹೀಗಳೆಯುವುದಿಲ್ಲ, ಅದು ಯಾರ ಬಾಯಿಂದ ಬರುತ್ತದೆ ಎಂದು ಮಾತ್ರ ನೋಡುತ್ತೇನೆ.

ಬಳ್ಳಾರಿ ಸ್ಟೇಷನ್ನಿಗೆ ನಮ್ಮ ರೈಲು ಮುಟ್ಟಿದಾಗ ಹತ್ತು ಹೊಡೆಯುತ್ತಿತ್ತು. ಅಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕಿಂಡಿ, ಒಳಬರಲು ಒಂದು ಬಾಗಿಲು, ಹೊರಹೋಗಲು ಇನ್ನೊಂದು. ಹಳಿಗಳ ಮೇಲೊಂದು ಸೇತುವೆ, ಅದರ ಮೇಲೆ ಎದುರುಬದುರಾಗಿ ಸಾಗುವ ಜನ. ಆ ಕಟ್ಟಡದಲ್ಲಿ ಕೂತು ಮಾತಾಡುವ ಜಾಗವನ್ನು ಯಾರೂ ಕಟ್ಟಿರಲಿಲ್ಲ. ಪಾರ್ಸಲ್ ಕಿಂಡಿಯ ಮುಂದೆ ದೊಡ್ಡ ಸಾಲು. ನಮ್ಮ ಸರದಿ ಬಂದಾಗ ಅಪ್ಪ ರುಮಾಲು ಸರಿಮಾಡಿಕೊಂಡು, ಕೈಮುಗಿದು, ಗುಮಾಸ್ತರನ್ನು ಕೇಳಿದರು: "ತಮ್ದು ಯಾವೂರಾತ್ರಿ?"

ನಮ್ಮೂರಿನಲ್ಲಿ ಯಾವ ವ್ಯವಹಾರವೂ ಹಾಗೆಯೇ ಆರಂಭವಾಗಬೇಕು; ನೇರವಾಗಿ ಕೆಲಸದ ಮಾತೆತ್ತುವುದು ಅಗೌರವ. ಗುಮಾಸ್ತರು ತಲೆ ಎತ್ತದೆ "ಚೀಟಿ ಕೊಡ್ರಿ" ಎಂದರು. ಅಪ್ಪ ಶರಣವ್ವನಿಂದ ಶುರುಮಾಡಿದರು, ಬಸಣ್ಣನ ನೆಂಟರಿಗೆ ಬಂದರು. ಹಿಂದಿನಿಂದ ಯಾರೋ "ಕಾನಿಯ್ಯಂಡಿ, ಕಾನಿಯ್ಯಂಡಿ" ಎಂದು ತೆಲುಗಿನಲ್ಲಿ ಅವಸರಪಡಿಸಿದರು. ಗುಮಾಸ್ತರು "ಮಧ್ಯಾಹ್ನ ಬರ್ರಿ" ಎಂದು ಮುಂದಿನವನ ಕಡೆ ಕೈ ಚಾಚಿದರು.

ಆಗ ನಾನು ಅಪ್ಪನ ಮುಂದೆ ಬಂದು ನಿಂತೆ. ಹಿರಿಯರು ಮಾತಾಡುವಾಗ ಅಡ್ಡ ಬಾಯಿ ಹಾಕಿದ್ದು ಜನ್ಮದಲ್ಲಿ ಅದೇ ಮೊದಲು. "ಚೀಟಿ ಇಲ್ರಿ. ರಾಯದುರ್ಗದ ಗಂಟು. ಒಳಗ ಅರಿಸಿನ, ಅಡಿಕೆ, ಅಕ್ಕಿ, ಹಸಿರು ಖಣ, ನನ್ನ ಸರ್ಟಿಫಿಕೇಟು. ಹತ್ತೂವರೆಗೆ ಟ್ರೇನಿಂಗ್ ಸ್ಕೂಲಿನ್ಯಾಗ ಇರಬೇಕು."

ಅವರು ಮೊದಲ ಸಲ ತಲೆ ಎತ್ತಿದರು. "ಪರಸ್ಥಾನದ ಗಂಟೇನು?" ಎಂದವರೇ ಎದ್ದು ಹೋಗಿ, ಗಂಟು ಬಿಚ್ಚಿ, ಹೆಸರು ಓದಿ, ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿ, ಸರ್ಟಿಫಿಕೇಟನ್ನು ಕೈಗೆ ತುರುಕಿದರು. "ಓಡವ್ವ. ಸೇತುವೆ ಇಳಿದು ಎಡಕ್ಕ." ಸಾಲಿನವರು ಸರಿದು ದಾರಿ ಬಿಟ್ಟರು. ಅವಸರಪಡಿಸುತ್ತಿದ್ದವರೂ ಸರಿದರು. ಕಾಯುವುದೊಂದೇ ದಯೆಯೆಂದು ತಿಳಿದು ಬೆಳೆದ ನನಗೆ ಇದೂ ದಯೆಯೇ ಎಂದು ಅರ್ಥವಾಗಲು ವರ್ಷಗಳು ಬೇಕಾದವು. ನಗರಕ್ಕೆ ನಿಲ್ಲಲು ಪುರುಸೊತ್ತಿಲ್ಲ, ಅದು ದಾರಿ ಬಿಡುತ್ತದೆ.

"ಅಪ್ಪಾ, ನೀವು?" ಎಂದೆ.

"ನನ್ನ ಕಾಲು ಇಷ್ಟೇ ಅವ್ವ. ನೀ ನಡಿ."

ಸೀರೆಯ ನೆರಿಗೆ ಎತ್ತಿ ಹಿಡಿದು ನಾನು ಓಡಿದೆ. ರಾಯದುರ್ಗದ ಬಜಾರಿನಲ್ಲಿ ನನ್ನ ವಯಸ್ಸಿನ ಹುಡುಗಿ ಹಾಗೆ ಓಡಿದ್ದರೆ ಸಂಜೆಯೊಳಗೆ ಊರೆಲ್ಲ ಅದೇ ಮಾತಾಗುತ್ತಿತ್ತು. ಆ ಸೇತುವೆಯ ಮೇಲೆ ನೂರಾರು ಜನರಿದ್ದರು, ಒಬ್ಬರೂ ನನ್ನನ್ನು ತಿರುಗಿ ನೋಡಲಿಲ್ಲ. ಎದೆ ಹಾರುತ್ತಿತ್ತು, ಜಡೆ ಬಿಚ್ಚಿಹೋಗಿತ್ತು, ಹೇಳಲಾರದಷ್ಟು ಸಂತೋಷವಾಗಿತ್ತು. ಮೆಟ್ಟಿಲ ಬಳಿ ಹಿಂತಿರುಗಿದಾಗ ಅಪ್ಪ ಆ ತುದಿಯಲ್ಲಿ ಚಿಕ್ಕದಾಗಿ ಕಂಡರು, ದಾರಿ ಕೊಡುವವರಿಗೆಲ್ಲ ಕೈಮುಗಿಯುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದರು. ನಾನು ಕಾಯಲಿಲ್ಲ. ಅವರು ಶಾಲೆಯ ಬಾಗಿಲಿಗೆ ಬಂದು ಮುಟ್ಟುವಷ್ಟರಲ್ಲಿ ನನ್ನ ಹೆಸರು ಕರೆದಿದ್ದರು, ಸೀಟು ನನ್ನದಾಗಿತ್ತು.