ಅಕಿ ಓಡೂತನಕ ಹೇಳಬ್ಯಾಡ್ರಿ

ಇದು 2014ರ ಜನವರಿಯಲ್ಲಿ ನಡೆದದ್ದು. ನಾನಾಗ ಕುವೈತಿನ ಒಂದು ಕಂಪನಿಯಲ್ಲಿ ವೆಲ್ಡಿಂಗ್ ಇನ್ಸ್‌ಪೆಕ್ಟರ್ ಆಗಿದ್ದೆ. ಹೆಂಡತಿ ಗೀತಾ, ಪುಟ್ಟ ಮಗಳು ಮತ್ತು ನಾನು ಮೈದಾನ್ ಹವಲ್ಲಿಯ ಒಂದು ಫ್ಲ್ಯಾಟಿನಲ್ಲಿದ್ದೆವು. ನನ್ನ ಊರು ಧಾರವಾಡ. ನಮ್ಮ ಕಂಪನಿಯಲ್ಲಿ ನನ್ನ ಮಾತಿನ ಧಾಟಿಯಲ್ಲೇ ಕನ್ನಡ ಮಾತಾಡುತ್ತಿದ್ದವನು ಒಬ್ಬನೇ, ವೆಲ್ಡರ್ ಯಲ್ಲಪ್ಪ.

ಅವನ ಹುಟ್ಟೂರು ರೋಣದ ಹತ್ತಿರ. ಆದರೆ ವಯಸ್ಸಿಗೆ ಬಂದ ಮೇಲೆ ದುಡಿದದ್ದು, ಮದುವೆಯಾಗಿ ಸಂಸಾರ ಮಾಡಿದ್ದು ಎಲ್ಲ ಗೋವಾದ ವಾಸ್ಕೋದಲ್ಲಿ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕಲಿತು ಆಮೇಲೆ ಕುವೈತಿಗೆ ಬಂದಿದ್ದ. ನಮ್ಮ ಈಜಿಪ್ಟಿನ ಫೋರ್‌ಮನ್ ಎಲ್ಲರನ್ನೂ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಿದ್ದ. ಹಾಗೆ ಕೂಗಿದಾಗಲೆಲ್ಲ ಯಲ್ಲಪ್ಪ "ನನ್ನ ಒಬ್ಬನ್ನ ಯಾಕ ಕರೀತಾನ್ರಿ ಇಂವ?" ಎಂದು ನಗಿಸುತ್ತಿದ್ದ. ಶುಕ್ರವಾರ ರಜೆ. ಅವತ್ತು ಕ್ಯಾಂಪಿನಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದು ಜೋಳದ ರೊಟ್ಟಿ ತಿನ್ನುತ್ತಿದ್ದ. ಊಟವಾದ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಹೆಂಡತಿ ಶಾಂತವ್ವ ಮತ್ತು ಮಗಳು ರೇಣುಕಾ ಜೊತೆ ಮಾತಾಡುತ್ತಿದ್ದ. ಹಾಗಾಗಿ ಆ ತಾಯಿ ಮಗಳು ನಮಗೂ ಮನೆಯವರಂತೆಯೇ ಆಗಿದ್ದರು.

ರೇಣುಕಾ ಓಟಗಾರ್ತಿ. ಪೋರ್ಚುಗೀಸ್ ಭಾಷೆಯಾಡುವ ದೇಶಗಳೆಲ್ಲ ಸೇರಿ ಒಂದು ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆಸುತ್ತವೆ. ಗೋವಾ ಹಿಂದೆ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಇಂಡಿಯಾದ ಹೆಸರಿನಲ್ಲಿ ಅದಕ್ಕೂ ಅಲ್ಲಿ ಜಾಗವಿದೆ. ಆ ಸಲದ ಕೂಟ ಗೋವಾದಲ್ಲೇ ನಡೆಯುವುದಿತ್ತು. ಆಫ್ರಿಕಾದಿಂದ, ಮಕಾವಿನಿಂದ, ಪೋರ್ಚುಗಲ್ಲಿನಿಂದ ಆಟಗಾರರು ಬರುವವರಿದ್ದರು. ಎಂಟುನೂರು ಮೀಟರ್ ಓಟಕ್ಕೆ ರೇಣುಕಾ ಆಯ್ಕೆಯಾದಳು.

ಸುದ್ದಿ ಕೇಳಿದ ದಿನ ಯಲ್ಲಪ್ಪನಿಗೆ ರೊಟ್ಟಿ ಇಳಿಯಲಿಲ್ಲ. "ಸಾಹೇಬ್ರ, ಇಪ್ಪತ್ತು ವರ್ಷ ಆತು ಅಲ್ಲಿ. ಇನ್ನೂ ನಮಗ ಘಾಟಿ ಅಂತಾರ, ಹೊರಗಿನವರು ಅಂತಾರ. ಈಗ ನೋಡ್ರಿ, ಅದ ಗೋವಾದಾಗ ನನ್ನ ಮಗಳು ಎದಿಮ್ಯಾಲೆ ಇಂಡಿಯಾ ಅಂತ ಬರಕೊಂಡು ಓಡ್ತಾಳ!" ಎಂದು ಕಣ್ಣು ಒರೆಸಿಕೊಂಡ. ಗೀತಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಕೂಟ ಮೊದಲು ನವೆಂಬರಿನಲ್ಲಿ ನಡೆಯಬೇಕಿತ್ತು. ಯಲ್ಲಪ್ಪ ಎರಡು ವರ್ಷದಿಂದ ಊರಿಗೆ ಹೋಗಿರಲಿಲ್ಲ. ಬರಬೇಕಾದ ರಜೆಯನ್ನು ಅದಕ್ಕೇ ಹೊಂದಿಸಿಕೊಂಡ. ಹೊರಡುವುದಕ್ಕೆ ಸ್ವಲ್ಪ ಮೊದಲು ಕೂಟ ಜನವರಿಗೆ ಹೋಯಿತೆಂದು ಸುದ್ದಿ ಬಂತು, ಮೈದಾನಗಳು ಇನ್ನೂ ಸಿದ್ಧವಾಗಿರಲಿಲ್ಲವಂತೆ. "ಈಗ ಹೋಗಿ ಹೆಂಡತಿ ಮಗಳ ಮುಖ ನೋಡಿ ಬಾರೋ ಮಾರಾಯಾ, ಓಟ ಮೊಬೈಲಿನಾಗ ನೋಡಿದ್ರಾತು" ಅಂದೆ. ಅವನು ಒಪ್ಪಲಿಲ್ಲ. ಮ್ಯಾನೇಜರನ ಕೋಣೆಯ ಮುಂದೆ ಊಟದ ಹೊತ್ತೆಲ್ಲ ನಿಂತು ರಜೆಯನ್ನು ಜನವರಿಗೆ ಬದಲಾಯಿಸಿಕೊಂಡು ಬಂದ. ಗೆದ್ದವನ ಹಾಗೆ ನಗುತ್ತಿದ್ದ.

ಜನವರಿ ಬಂತು. ಹೊರಡಲು ಇನ್ನು ಒಂದು ವಾರವೂ ಇರಲಿಲ್ಲ. ಒಂದು ಮಂಜು ಕವಿದ ಬೆಳಿಗ್ಗೆ ಕ್ಯಾಂಪಿನಿಂದ ಸೈಟಿಗೆ ಬಂದ ಬಸ್ಸಿನಿಂದ ಎಲ್ಲರೂ ಇಳಿದರು, ಯಲ್ಲಪ್ಪ ಇಳಿಯಲಿಲ್ಲ. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಾನೆಂದು ಪಕ್ಕದವನು ಭುಜ ಅಲ್ಲಾಡಿಸಿದನಂತೆ. ಆಂಬುಲೆನ್ಸ್ ಬಂತು, ಆಸ್ಪತ್ರೆಗೂ ಒಯ್ದರು. ಹೃದಯ ಆಗಲೇ ನಿಂತುಹೋಗಿತ್ತು.

ಸುದ್ದಿ ಮುಟ್ಟಿಸುವ ಕೆಲಸ ನನಗೆ ಬಂತು. ವಾಸ್ಕೋದಲ್ಲಿ ಬೇರೆ ಯಾರ ನಂಬರೂ ನನ್ನಲ್ಲಿರಲಿಲ್ಲ. ಶಾಂತವ್ವನಿಗೇ ಫೋನ್ ಮಾಡಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಲೈನ್ ಹೋಯಿತೇನೋ ಎಂದು "ಶಾಂತಕ್ಕಾ, ಶಾಂತಕ್ಕಾ" ಎಂದು ಕರೆದೆ.

"ಇದ್ದೀನ್ರಿ ಅಣ್ಣಾರ" ಅಂದಳು. ಆಮೇಲೆ, "ರೇಣುಗ ಹೇಳೀರೇನು?" ಎಂದು ಕೇಳಿದಳು.

"ಇಲ್ಲ."

"ಅಕಿ ಓಡೂತನಕ ಹೇಳಬ್ಯಾಡ್ರಿ. ಅಕಿ ಆಟಗಾರರ ಜೋಡಿ ಅವರ ಹಾಸ್ಟೆಲ್ಲಿನ್ಯಾಗ ಉಳಕೊಂಡಾಳ, ಮನಿಗೆ ಬರೂದಿಲ್ಲ. ನಮ್ಮ ಮನಿಯವರು ಇದಕ್ಕಂತ ಊರಿಗೆ ಬರೂದ ಬಿಟ್ಟು ಕುಂತಿದ್ರಲ್ಲರಿ. ಅಕಿ ಓಡ್ಲಿ. ಆಮ್ಯಾಲೆ ನಾನ ಹೇಳ್ತೀನಿ."

ಇಷ್ಟು ಹೇಳಿದ ಮೇಲೆ ಅವಳು ಅತ್ತದ್ದು ನನಗೆ ಕೇಳಿಸಿತು. ನಾನು ಮಾತು ಕೊಟ್ಟೆ.

ಕುವೈತಿನಿಂದ ಶವ ಕಳಿಸುವುದು ಒಂದು ದಿನದ ಕೆಲಸವಲ್ಲ. ಆಸ್ಪತ್ರೆ, ಪೊಲೀಸ್, ಎಂಬೆಸಿ, ಇಕಾಮಾ ಎಂಬ ವಾಸದ ಪರವಾನಗಿಯ ರದ್ದು, ಒಂದಾದ ಮೇಲೆ ಒಂದು. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವ ಮನುಷ್ಯನ ಜೊತೆ ನಾನೂ ದಿನವೂ ಅಲೆದೆ. ಅದರ ನಡುವೆ ರೇಣುಕಾಳ ಫೋನ್ ಬಂತು.

"ಕಾಕಾ, ಅಪ್ಪನ ಫೋನ್ ಹತ್ತವಲ್ತು."

"ಪ್ಲಾಂಟ್ ಬಂದ್ ಮಾಡಿ ಶಟ್‌ಡೌನ್ ರಿಪೇರಿ ನಡದೈತಿ ರೇಣು, ಒಳಗ ಫೋನ್ ಬಿಡೂದಿಲ್ಲ" ಅಂದೆ.

"ಹೌದಾ? ಇಲ್ಲಿ ನನ್ನ ಬಾಜೂ ಕೋಣೆಯಾಗ ಮೊಜಾಂಬಿಕಿನ ಹುಡುಗ್ಯಾರ ಅದಾರ ಕಾಕಾ, ಏನ್ ಎತ್ತರ ಗೊತ್ತೇನು! ಅಪ್ಪಗ ಹೇಳ್ರಿ" ಎಂದು ನಗುತ್ತ ಇಟ್ಟಳು.

ಓಟ ಭಾನುವಾರ ಇತ್ತು. ಶನಿವಾರ ಸಂಜೆ, ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕುಳಿತಿದ್ದಾಗ ಮತ್ತೆ ಅವಳ ಫೋನ್. ಈ ಸಲ ನಗು ಇರಲಿಲ್ಲ.

"ಕಾಕಾ, ಅಪ್ಪ ಎಷ್ಟ ಕೆಲಸ ಇದ್ರೂ ಶುಕ್ರವಾರ ಮಾತಾಡದ ಇರಾಂವಲ್ಲ. ನಿನ್ನೆ ಶುಕ್ರವಾರ ಆತು."

ಇನ್ನೊಂದು ಸುಳ್ಳು ಬರಲಿಲ್ಲ.

"ಖರೇ ಹೇಳ್ರಿ ಕಾಕಾ. ಆಸ್ಪತ್ರಿಯಾಗ ಅದಾನೇನು?"

ಹೌದೆಂದು ಹೇಳಲೂ ನನ್ನಿಂದ ಆಗಲಿಲ್ಲ. ಅವಳ ಹಿಂದೆ ಯಾರೋ ಹುಡುಗಿಯರು ನನಗೆ ತಿಳಿಯದ ಭಾಷೆಯಲ್ಲಿ ಹರಟುತ್ತ ನಗುತ್ತಿದ್ದರು. ಆ ನಗು ಮೆಲ್ಲಗೆ ದೂರವಾಯಿತು. ಅವಳು ಹೊರಗೆ ಹೋಗಿ ಬಾಗಿಲು ಹಾಕಿಕೊಂಡಿರಬೇಕು.

"ಯಾವಾಗ?" ಎಂದಳು.

ಹೇಳಿದೆ. ಅವಳು ದನಿ ತೆಗೆದು ಅಳಲಿಲ್ಲ. ಉಸಿರು ಸಿಕ್ಕದವರಂತೆ ಏದುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಅವ್ವಗ ಗೊತ್ತೈತೇನು?" ಎಂದಳು.

"ಮೊದಲ ದಿನಾನ ಗೊತ್ತೈತಿ."

"ನಿನ್ನೆ ನನ್ನ ಜೋಡಿ ಮಾತಾಡಿದ್ಲು. ಹೊಟ್ಟಿ ತುಂಬ ಉಣ್ಣು, ಲಗೂ ಮಲಕೋ ಅಂದ್ಲು. ಏನೂ ಗೊತ್ತಾಗಗೊಡಲಿಲ್ಲ." ಆಗ ಅವಳ ಅಳು ಒಡೆಯಿತು. ಕೇಳುತ್ತ ಕುಳಿತಿರುವುದನ್ನು ಬಿಟ್ಟು ನಾನೇನು ಮಾಡಲಿ? ಕೊನೆಗೆ ಅಂದೆ, "ನೀ ನಾಳೆ ಓಡಬೇಕಂತಿಲ್ಲವ್ವಾ. ಮನಿಗೆ ಹೋಗು. ನಿಮ್ಮ ಕೋಚ್‌ಗೆ ನಾನ ಹೇಳ್ತೀನಿ."

"ಬ್ಯಾಡ" ಎಂದಳು. "ಅವ್ವ ನಾಳೆ ನೋಡಾಕ ಬರ್ತಾಳ. ಇಷ್ಟ ದಿನ ಗಟ್ಟಿ ಹಿಡದು ಕುಂತಾಳ, ನಾ ಓಡ್ಲಿ ಅಂತ. ನಾ ಓಡಲಿಲ್ಲಾಂದ್ರ ಅಕಿ ಅಲ್ಲೇ ಕುಸದು ಹೋಗ್ತಾಳ. ನನಗ ಗೊತ್ತಾಗೇತಿ ಅಂತ ಅಕಿಗೆ ಹೇಳಬ್ಯಾಡ್ರಿ ಕಾಕಾ. ಯಾವತ್ತೂ ಹೇಳಬ್ಯಾಡ್ರಿ."

ಅವಳಿಗೂ ಮಾತು ಕೊಟ್ಟೆ.

ಭಾನುವಾರ ನಾನು ಏರ್‌ಪೋರ್ಟಿನ ಕಾರ್ಗೋ ವಿಭಾಗದಲ್ಲಿ ಶವಪೆಟ್ಟಿಗೆಗೆ ಜಾಗ ಖಚಿತ ಮಾಡಿಸುತ್ತಿದ್ದೆ. ಓಟ ಮುಗಿದ ಕೂಡಲೇ ಶಾಂತವ್ವ ಮೈದಾನದಿಂದಲೇ ಫೋನ್ ಮಾಡಿದಳು. ಸುತ್ತಲೂ ಗದ್ದಲ.

"ಓಡಿದ್ಲರಿ ಅಣ್ಣಾರ! ನಾಕನೇದಾಕಿ ಬಂದ್ಲು. ಮುಗದ ಮ್ಯಾಲೆ ನಾ ಎಲ್ಲಿ ಕುಂತೀನಂತ ಹುಡುಕಿ ಕೈ ಮಾಡಿದ್ಲು. ನಗತಿದ್ಲು ನೋಡ್ರಿ! ಏನೂ ತಿಳೀಲಾರದ ಕೂಸು. ಈಗ ಅಕಿಗೆ ನಾ ಯಾವ ಬಾಯಿಲೆ ಹೇಳ್ಲಿ?"

"ಸಮಾಧಾನ ಮಾಡ್ಕೋರಿ ಶಾಂತಕ್ಕಾ" ಅಂದು ಫೋನ್ ಇಟ್ಟೆ. ಪಕ್ಕದ ಕೌಂಟರಿನಲ್ಲಿದ್ದ ಮಲಯಾಳಿ ಹುಡುಗ ನನ್ನ ಮುಖ ನೋಡಿ ಒಂದು ಬಾಟಲಿ ನೀರು ತಂದುಕೊಟ್ಟ.

ಅವತ್ತು ಸಂಜೆ ತಾಯಿ ಮಗಳಿಗೆ ಹೇಳಿದಳು. ಮಗಳು ಆಗಷ್ಟೇ ಕೇಳಿದವಳಂತೆ ಅತ್ತಳು. ನಾಟಕವಾಡಬೇಕಾದ ಪ್ರಸಂಗವೇನೂ ಬರಲಿಲ್ಲ ಎಂದು ರೇಣುಕಾ ಎಷ್ಟೋ ದಿನಗಳ ನಂತರ ನನಗೆ ಹೇಳಿದಳು. ಒಂದೆರಡು ದಿನಗಳಲ್ಲಿ ಯಲ್ಲಪ್ಪ ವಾಸ್ಕೋ ತಲುಪಿದ.

ಕೆಲವು ವರ್ಷದ ಮೇಲೆ ರಜೆಯಲ್ಲಿ ಊರಿಗೆ ಹೋದಾಗ ನಾನೂ ಗೀತಾಳೂ ಅವರ ಮನೆಗೆ ಹೋಗಿದ್ದೆವು. ರೇಣುಕಾ ಅಷ್ಟರಲ್ಲಿ ಒಂದು ಶಾಲೆಯಲ್ಲಿ ಆಟ ಕಲಿಸುವ ಟೀಚರ್ ಆಗಿದ್ದಳು. ಶಾಂತವ್ವ ಗೀತಾಳ ಕೈ ಹಿಡಿದುಕೊಂಡು ಆ ದಿನದ ಕಥೆ ಹೇಳಿದಳು. "ಅಕಿಗೆ ಗೊತ್ತಿದ್ದಿಲ್ಲ, ಅದಕ್ಕ ಓಡಿದ್ಲು. ಗೊತ್ತಿದ್ರ ಕಾಲು ಎತ್ತಿ ಇಡತಿದ್ಲೇನ್ರಿ? ನಾ ಬಾಯಿ ಬಿಗಿಹಿಡದು ಕುಂತೆ" ಎಂದಳು. ರೇಣುಕಾ ಚಹಾದ ಕಪ್ಪು ಹಿಡಿದು ತಾಯಿಯ ಬೆನ್ನ ಹಿಂದೆ ನಿಂತಿದ್ದಳು. ನನ್ನನ್ನು ಒಮ್ಮೆ ನೋಡಿದಳು. ನಾನು ಕಪ್ಪು ತೆಗೆದುಕೊಂಡು ತಲೆ ತಗ್ಗಿಸಿ ಕುಡಿದೆ.

ಕಳೆದ ವರ್ಷ ಶಾಂತವ್ವ ತೀರಿಕೊಂಡಳು. ರೇಣುಕಾ ಫೋನ್ ಮಾಡಿದಾಗ ನಾನು ಕೇಳಿಯೇಬಿಟ್ಟೆ, "ಇಷ್ಟು ವರ್ಷದಾಗ ಅವ್ವಗ ಒಮ್ಮೆಯಾದ್ರೂ ಹೇಳಬೇಕು ಅನಸಲಿಲ್ಲೇನವ್ವಾ?"

"ಎಷ್ಟೋ ಸಲ ಬಾಯಿಮಟ ಬಂತು ಕಾಕಾ. ಆದ್ರ ಆ ದಿನದ ಮಾತು ಹೇಳೂವಾಗ ಅವ್ವನ ದನಿ ಗಟ್ಟಿ ಆಗ್ತಿತ್ತು. ಗಂಡನ್ನ ಉಳಿಸ್ಕೊಳ್ಳಾಕ ಆಗಲಿಲ್ಲ, ಮಗಳನ್ನ ಒಂದು ದಿನ ಕಾಯ್ದೆ ಅಂತ ಅಕಿಗೆ ಅನಿಸ್ತಿತ್ತು. ಅಕಿ ಕಡೆ ಇದ್ದದ್ದು ಅದೊಂದ. ಅದನ್ನೂ ನಾ ಕಸಗೊಳ್ಳಬೇಕಿತ್ತೇನು?"

ಈಗ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಮಗಳಿಗೆ ಗೊತ್ತಾಗಿದೆಯೆಂದು ಆ ಶನಿವಾರ ಸಂಜೆಯೇ ಶಾಂತವ್ವನಿಗೆ ಹೇಳಿದ್ದರೆ ತಾಯಿ ಮಗಳು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅಳುತ್ತಿದ್ದರು ಎಂದು ನಾನು ಎಷ್ಟೋ ವರ್ಷ ಕೊರಗಿದ್ದುಂಟು. ರೇಣುಕಾಳ ಮಾತು ಕೇಳಿದ ಮೇಲೆ ಆ ಕೊರಗು ಹೋಗಿದೆ. ದುಃಖ ಹೋಗಿಲ್ಲ.