ಕ್ಲಚ್ಚು ಮತ್ತು ನನ್ನ ಮುಲ್ಕಿ ಪರೀಕ್ಷೆ

ಫಟಫಟಿಯ ಎಡಗೈ ಹಿಡಿಕೆ ಏನು ಮಾಡುತ್ತದೆ ಎಂದು ನಾನು ನಮ್ಮವರನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವರದು ಒಂದೇ ಉತ್ತರ. "ಅದು ಕ್ಲಚ್ಚು. ನಿನಗ್ಯಾಕ ಬೇಕ ಅದು? ಹಿಂದ ಗಟ್ಟ್ಯಾಗಿ ಹಿಡಕೊಂಡು ಕೂಡು." ಮದುವೆಯಾಗಿ ಹುನಗುಂದಕ್ಕೆ ಬಂದ ಹೊಸತು, ಬಾಯಿ ಮುಚ್ಚಿಕೊಂಡು ಕೂತೆ. ಹಳಬಳಾದ ಮೇಲೂ ಕೂತೆ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಮ್ಮೂರುಗಳು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಗಂಡನ ಮನೆಯವರು ಬೀರಪ್ಪನ ಒಕ್ಕಲು, ಕುರಿ ಕಾಯ್ದು ಬದುಕಿದವರು. ಆ ಮನೆತನದಲ್ಲಿ ಸರ್ಕಾರಿ ಪಗಾರ ಕಂಡವರೆಂದರೆ ನಮ್ಮವರೇ ಮೊದಲು. ದೊಡ್ಡ ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜಿಗೆ ಹಾಕಿದ್ದ ಆ ಫಟಫಟಿ ಮೋಟರ್ ಸೈಕಲ್ಲು ಕೈಯಿಂದ ಕೈಗೆ ದಾಟಿ ಅವರ ಪಾಲಿಗೆ ಬಂದಿತ್ತು. ರವಿವಾರ ಬಂತೆಂದರೆ ಗೆಳೆಯರೆಲ್ಲ ಅಂಗಳದಲ್ಲಿ ಅದರ ಸುತ್ತ ಕುಕ್ಕರಗಾಲಲ್ಲಿ ಕೂತು ಬಿಚ್ಚುವುದು, ಕೂಡಿಸುವುದು, ತಾಸುಗಟ್ಟಲೆ ಚರ್ಚಿಸುವುದು. ನಾನು ಚಹಾ ಒಯ್ದರೆ ಮಾತು ನಿಲ್ಲುತ್ತಿತ್ತು, ಏನೋ ದರಬಾರಿನ ಗುಟ್ಟು ಇದ್ದ ಹಾಗೆ. ಅತ್ತೆ ಬಗ್ಗಿ ನೋಡಲು ಹೋದರಂತೂ, ನಿನಗೇನು ತಿಳಿಯುತ್ತದೆ, ಒಳಗೆ ನಡಿ ಎಂದು ನಮ್ಮವರು ಗದರಿ ಕಳಿಸುತ್ತಿದ್ದರು.

ನನಗೆ ಬೇಕಾಗಿದ್ದುದು ಫಟಫಟಿಯಲ್ಲ, ಮುಲ್ಕಿ ಪರೀಕ್ಷೆ. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಅಕ್ಕೋರಾಗಬಹುದಿತ್ತು. ತವರಿನಲ್ಲಿ ನಿಂತುಹೋಗಿದ್ದ ಓದನ್ನು ಹಟ ಹಿಡಿದು ಮುಂದುವರಿಸಿದವರು ಅತ್ತೆ. ಅಕ್ಷರ ಬರದ ಹೆಂಗಸು. ನಾನು ಪುಸ್ತಕ ಹಿಡಿದರೆ ತಾವೇ ರೊಟ್ಟಿ ಬಡಿಯಲು ಕೂಡುತ್ತಿದ್ದರು. ಸೊಸೆಯ ಕೈಗೆ ಪುಸ್ತಕ ಕೊಟ್ಟು ಅತ್ತೆ ಒಲೆಯ ಮುಂದೆ ಕೂತಳು ಎಂದು ಓಣಿಯವರು ಆಡಿಕೊಂಡರೆ, ನನ್ನ ಒಲೆ, ನನ್ನ ಸೊಸೆ, ನಿಮಗೇನು ಹೊಟ್ಟೆನೋವು ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ಪರೀಕ್ಷೆ ಬಾಗಲಕೋಟೆಯಲ್ಲಿ. ಅಲ್ಲಿ ಉಳಿದುಕೊಳ್ಳಲು ನಮಗೆ ಬಂಧುಗಳಿರಲಿಲ್ಲ. ಬೆಳಗಿನ ಬಸ್ಸು ಮುಟ್ಟುವ ಹೊತ್ತಿಗೆ ಪರೀಕ್ಷೆ ಶುರುವಾಗಿರುತ್ತಿತ್ತು. ಒಂದು ಪೇಪರು ತಪ್ಪಿದರೂ ಮುಗಿಯಿತು, ಮರುವರ್ಷ ಮತ್ತೆ ಎಲ್ಲವನ್ನೂ ಬರೆಯಬೇಕು. ಫಟಫಟಿಯ ಮೇಲೆ ಕರೆದೊಯ್ಯುತ್ತೇನೆಂದು ನಮ್ಮವರು ಎದೆ ತಟ್ಟಿ ಹೇಳಿದರು. ಹಿಂದಿನ ದಿನ ಮಧ್ಯಾಹ್ನ ಮಗ್ಗುಲಿನ ಮುಚ್ಚಳ ಬಿಚ್ಚಿ ಕ್ಲಚ್ಚು ಸರಿಮಾಡಿದರು. ಅದನ್ನು ಹಾಗೆಯೇ ತೆರೆದಿಟ್ಟು ಪೇಟೆಗೆ ಹೋದವರು ಹೊತ್ತು ಮುಳುಗಿದ ಮೇಲೆ ಬಂದು, ಒಳಗೆ ನೋಡದೆ ಮುಚ್ಚಳ ಬಿಗಿದರು.

ಬೆಳಿಗ್ಗೆ ಹೊರಡುವಾಗ ಅತ್ತೆ ಬೀರಪ್ಪನ ಗುಡಿಯಿಂದ ತಂದ ಭಂಡಾರವನ್ನು ನನ್ನ ಇಳಕಲ್ ಸೀರೆಯ ಸೆರಗಿಗೆ ಗಂಟು ಕಟ್ಟಿದರು. ಹಿಡಿ ತುಂಬ ಅರಿಶಿನದ ಪುಡಿ. ಗಾಡಿ ಚೆನ್ನಾಗಿ ಓಡುತ್ತದೆ, ಚಿಂತೆ ಮಾಡಬೇಡ ಎಂದರು. ಅವರಿಗೆ ಅಷ್ಟು ಖಾತ್ರಿ ಎಲ್ಲಿಂದ ಬಂತೆಂದು ನಾನು ಆಗ ಯೋಚಿಸಲಿಲ್ಲ.

ಬಯಲು ದಾರಿಯಲ್ಲಿ ಗಾಡಿ ಹೇಗೋ ನಡೆಯಿತು. ಅಮೀನಗಡ ದಾಟಿ ಏರು ಬಂದದ್ದೇ ತಡ, ಎಂಜಿನ್ನು ಗಂಟಲು ಹರಿಯುವಂತೆ ಕೂಗತೊಡಗಿತು. ಗಾಲಿ ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ನಿಧಾನವಾಗಿ ನಿಂತೇಬಿಟ್ಟಿತು. ನಮ್ಮವರು ಇಳಿದು ಹಿಡಿಕೆಯ ವಾಯರು ಜಗ್ಗಿ ನೋಡಿದರು. ಸ್ಪ್ರಿಂಗು ಸೋತಿರಬೇಕು ಎಂದರು. ಮುಚ್ಚಳದ ಸಣ್ಣ ಕಿಂಡಿ ತೆರೆದು ತಿರುವಿ ಬಿಗಿದರು. ನಾಲ್ಕು ಮಾರು ಹೋಗಿ ಮತ್ತೆ ಅದೇ ಕೂಗು, ಅದೇ ಸೋಗು. ನಾನು ಹಿಂದಿನಿಂದ ನೂಕಿದೆ. ಹೊಸ ಸೀರೆ ಧೂಳು ಕುಡಿಯಿತು, ಹೊತ್ತು ಏರುತ್ತಿತ್ತು, ಅಳುವೂ ಬರಲೊಲ್ಲದು.

ನೂಕುವಾಗ ನನ್ನ ಮೂಗಿಗೆ ಒಂದು ವಾಸನೆ ಬಡಿಯಿತು. ಬಾಣಂತಿ ಕೋಣೆಯಲ್ಲಿ ಬರುತ್ತದಲ್ಲ, ಕಾದ ಔಡಲೆಣ್ಣೆಯ, ಅದೇ ಹರಳೆಣ್ಣೆಯ ವಾಸನೆ. ಹೇಳಿದೆ. ನಡುರಸ್ತೆಯಲ್ಲಿ ಔಡಲೆಣ್ಣೆ ಎಲ್ಲಿಂದ ಬರಬೇಕು, ನೀನು ನಿನ್ನ ಲೆಕ್ಕ ನೆನಪಿಸಿಕೋ ಎಂದರು. ಮತ್ತೆ ಸ್ಪ್ರಿಂಗು ಬಿಗಿದರು. ಮತ್ತೆ ನೂಕಿದೆ. ಇನ್ನೊಂದು ಸಲ ಹೇಳಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಮೂರನೆಯ ಸಲ ಸ್ಪ್ರಿಂಗಿಗೆ ಕೈ ಹಾಕಿದಾಗ ನನ್ನ ತಾಳ್ಮೆ ಹರಿದು ಹೋಯಿತು.

"ಆ ಮುಚ್ಚಳಾ ಪೂರಾ ನೀವ್ ಬಿಚ್ಚತೀರೋ, ಇಲ್ಲಾ ನಾ ಬಿಚ್ಚಲ್ಯೋ?" ಎಂದೆ.

ಬಿಚ್ಚಿದರು. ಒಳಗಿಂದ ಔಡಲೆಣ್ಣೆ ಅವರ ಮುಂಗೈಗೆ ಇಳಿಯಿತು. ಇಬ್ಬರಿಗೂ ಆ ಕ್ಷಣದಲ್ಲೇ ತಿಳಿಯಿತು. ನಮ್ಮ ಮನೆಯಲ್ಲಿ ಬಂಡಿಯ ಕೀಲಿಗೆ, ಬಾಗಿಲ ತಿರುಗಣಿಗೆ, ನಮ್ಮವರ ನೆತ್ತಿಗೆ, ನನ್ನ ಜಡೆಗೆ ಎಣ್ಣೆ ಹಾಕುವ ಕೈ ಒಂದೇ. ಸೊಸೆ ಹೋಗುವ ಗಾಡಿಯ ಕಬ್ಬಿಣ ಒಣಗಿ ನಿಂತದ್ದನ್ನು ಕಂಡು ಆ ಕೈ ಸುಮ್ಮನಿದ್ದೀತೇ?

ನಮ್ಮವರು ಕ್ಲಚ್ಚಿನ ದುಂಡು ಬಿಲ್ಲೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ನಾನು ಟಾಕಿಯಿಂದ ಪೆಟ್ರೋಲು ಬಸಿದು ತೊಳೆದೆ, ಪರೀಕ್ಷೆಗೆಂದು ತಂದ ಒತ್ತುಕಾಗದದಿಂದ ಒತ್ತಿ ಎಣ್ಣೆ ಹೀರಿಸಿದೆ. ಇನ್ನೂ ಜಿಡ್ಡಿತ್ತು. ಸೆರಗಿನ ಗಂಟು ಬಿಚ್ಚಿ ಭಂಡಾರ ತಿಕ್ಕಹೋದಾಗ ಅವರು ಹೌಹಾರಿ ಕೈ ಹಿಡಿದರು. ನಾನು ಪಾಸಾಗುವುದು ಬೀರಪ್ಪನಿಗೂ ಬೇಕಾಗಿದೆ, ಬಿಡಿ ಎಂದೆ.

ತಿಕ್ಕುತ್ತ ತಿಕ್ಕುತ್ತ ನನಗೆ ಕ್ಲಚ್ಚು ತಿಳಿಯಿತು. ಒಂದು ಬಿಲ್ಲೆ ಎಂಜಿನ್ನಿನ ಕಡೆಯದು, ಇನ್ನೊಂದು ಗಾಲಿಯ ಕಡೆಯದು. ಒಂದಕ್ಕೊಂದು ಒತ್ತಿ ಕೂತರೆ ಎರಡೂ ಜೊತೆಗೆ ತಿರುಗುತ್ತವೆ. ಹಿಡಿಕೆ ಅದುಮಿದರೆ ದೂರವಾಗುತ್ತವೆ, ಬಿಟ್ಟರೆ ಕೂಡುತ್ತವೆ. ಗಾಡಿಯಲ್ಲಿ ಉಳಿದುದೆಲ್ಲ ಎಣ್ಣೆ ಬೇಡುತ್ತದೆ, ಇದೊಂದಕ್ಕೆ ಬೇಡ. ಇಷ್ಟೇ. ಇಷ್ಟು ಹೇಳುವುದಕ್ಕೆ ಆ ಮಹಾರಾಯರಿಗೆ ಏನು ಧಾಡಿಯಾಗಿತ್ತು? ಕಷ್ಟದ ವಿದ್ಯೆಯಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇಷ್ಟು ಸಸಾರದ್ದೆಂದು ಗೊತ್ತಾದ ಮೇಲೆ ಸಿಟ್ಟು ದುಪ್ಪಟ್ಟಾಯಿತು.

ಗಾಡಿ ಏರು ಹತ್ತಿತು. ಬಾಗಲಕೋಟೆ ಮುಟ್ಟಿದಾಗ ಗಣಿತದ ಪೇಪರು ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಬಾಗಿಲಲ್ಲಿದ್ದ ಮಾಸ್ತರರು ಎಣ್ಣೆ, ಅರಿಶಿನ ಮೆತ್ತಿದ್ದ ನನ್ನ ಕೈ ನೋಡಿದರು, ಗಡಿಯಾರ ನೋಡಿದರು, ತಲೆಯಲ್ಲಾಡಿಸಿದರು. ಕೆಟ್ಟವರಲ್ಲ, ಕುಡಿಯಲು ನೀರು ಕೊಟ್ಟರು. ಒಳಗೆ ಬಿಡಲಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ.

ಸಂಜೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಲೆಕ್ಕ ಬಂದವೇ ಎಂದು ಕೇಳಿದರು. ಅತ್ತೆಯೆಂಬುದನ್ನೂ ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ನೀವು ಹಾಕಿದ ಎಣ್ಣೆಯಿಂದ ನನ್ನ ವರ್ಷ ಹೋಯಿತೆಂದೆ. ಅವರು ಮೆಲ್ಲಗೆ, "ಅದಕ್ಕ ಎಣ್ಣಿ ಹಾಕಬಾರದು ಅಂತ ನನಗ ಯಾರ ಹೇಳ್ಯಾರ ಯವ್ವಾ?" ಎಂದರು.

ನನಗೂ ಯಾರೂ ಹೇಳಿರಲಿಲ್ಲ.

ಅದನ್ನು ಈಗಲೇ ನೋಡಬೇಕು, ಬಿಚ್ಚು ಎಂದು ಅತ್ತೆ ಮಗನಿಗೆ ಹೇಳಿದರು. ನಮ್ಮವರು ಬಿಚ್ಚಿದರು. ಬಿಲ್ಲೆಗಳಿಗೆ ಇನ್ನೂ ಭಂಡಾರ ಹತ್ತಿತ್ತು. ಅತ್ತೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಎರಡು ಬಿಲ್ಲೆ ಒಂದರ ಮೇಲೊಂದು ಇಟ್ಟು, ಅದುಮಿ, ತಿರುಗಿಸಿ, ಬಿಡಿಸಿ ತೋರಿಸಿದೆ. ಉಣ್ಣೆ ಕತ್ತರಿಸುವಾಗ ಎಣ್ಣೆಗೈಲಿ ಕುರಿಯ ಕಾಲು ಹಿಡಿದರೆ ಜಾರುತ್ತದಲ್ಲ, ಹಾಗೇ ಏನು ಎಂದು ಕೇಳಿದರು. ಹಾಗೇ ಎಂದೆ.

ಅವರು ಬಿಲ್ಲೆಯನ್ನು ಕೆಳಗಿಟ್ಟು ಮಗನ ಮುಖ ನೋಡಿದರು. "ಇಷ್ಟ ಹೇಳಿದ್ರ ಸಾಕಾಗಿತ್ತಲ್ಲೋ," ಎಂದರು. "ಈಕೀದ ಒಂದ್ ವರ್ಷ ಉಳೀತಿತ್ತು."

ನಮ್ಮವರು ತಲೆ ತಗ್ಗಿಸಿ ಬಿಲ್ಲೆಗಳನ್ನು ಒರೆಸುತ್ತ ಕೂತರು.